ಎರಡಿಂಚು

ಎಂಬತ್ತಾರರ ಜೀಪು. ನಮ್ಮ ಮಾವ
ಅರಣ್ಯ ಇಲಾಖೆಯ ಹರಾಜಿನಲ್ಲಿ ಬಿಡಿಸಿಕೊಂಡದ್ದು.
ಬಾನೆಟ್ಟಿನ ಪಕ್ಕದ ತಮಿಳು ಅಕ್ಷರದ ಮೇಲೆ
ಮೂರು ಸಲ ಬಣ್ಣ ಬಳಿದಿದ್ದೇವೆ,
ಬಿಸಿಲು ಓರೆಯಾದರೆ ಇನ್ನೂ ಓದಬಹುದು.

ಕಮಾನು ಪಟ್ಟಿಗಳು ಸೋತಿದ್ದವು.
ರಾಗಿಮೂಟೆ, ಸಿಮೆಂಟು, ಸೀಗೆಕಾಯಿ,
ಒಂದು ಸಲ ಮದುವೆ ಗಂಡು, ಎರಡು ಸಲ ಹೆಣ
ಹೊತ್ತು ಹೊತ್ತು ಬಿಲ್ಲು ಹೋಗಿ ಹಲಗೆಯಾಗಿದ್ದವು.
ನೆಲ್ಲಿದಿಂಬದ ಏರಿನಲ್ಲೊಂದು ಕಲ್ಲಿದೆ,
ಹೆಸರು ಬಿದ್ದಿದೆ: ಸುಂಕದವನು.
ಹೋಗುವಾಗ ಒಂದು, ಬರುವಾಗ ಒಂದು
ಗೇರುಬಾಕ್ಸಿನ ಕೆಳತೊಲೆಗೆ ಕುಟ್ಟಿಯೇ ಬಿಡುತ್ತಾನೆ.

ತಾಳವಾಡಿಯಲ್ಲಿ ಮಸ್ತಾನಣ್ಣನ ಶೆಡ್ಡು.
ಜಾಕಿಯನ್ನು ನಂಬದೆ ಹಲಸಿನ ಮೋಟು ಕೊಟ್ಟು
ನಾಲ್ಕೂ ಕಟ್ಟು ಇಳಿಸಿದ.
ಎರಡು ದಿನ ಸೀಮೆಎಣ್ಣೆ ಕುಡಿದರೂ ಬಾಯಿಬಿಡದ
ಯು ಬೋಲ್ಟುಗಳು ಕೊನೆಗೆ ಗರಗಸಕ್ಕೆ ಹೋದವು.
ಸತ್ಯಮಂಗಲದ ಗುಜರಿಯಲ್ಲಿ ಸಿಕ್ಕ, ಬಿಲ್ಲು ಮಾಸದ ಪ್ಲೇಟು
ಕಟ್ಟಿಗೊಂದರಂತೆ ನಡುವೆ ಸೇರಿಸಿದ.
ಮುರಿದಿದ್ದ ಹಳೆಯದೊಂದು ಮೂಲೆಗೆ ಬಿತ್ತು.

‘ಪಟ್ಟಿ ಕೊಟ್ರ ಮೈ ಏಳ್ತದ ಕನಪ್ಪ,
ಹಿಂದ್ಗಡ ಗುಂಡು ಏಳಲ್ಲ, ಅದು ಚಕ್ರದ ಸಂಸಾರ.
ಅದೂ ಏಳ್ಬೇಕಂದ್ರ ದೊಡ್ಡ ಟೈರು ಹಾಕು.
ನಿನ್ತಾವ ಎಲ್ಲದ ದುಡ್ಡು.’

ಎರಡಿಂಚು ಅಂದರೆ ಎಷ್ಟು, ನನ್ನ ಹೆಬ್ಬೆರಳಷ್ಟು.
ಆದರೆ ಅದು ಹೇಳಿದ ಕಡೆ ಕೂರುವುದಿಲ್ಲ.
ಬ್ರೇಕಿನ ಹೋಸು ಬಿಗಿದ ನರವಾಯಿತು, ಬದಲಿಸಿದೆವು.
ಶಾಫ್ಟು ಓರೆಯಾಗಿ, ನಲವತ್ತು ದಾಟಿದರೆ
ಚೊಂಬಿನಲ್ಲಿ ಕಲ್ಲು ಹಾಕಿ ಅಲುಗಿಸಿದ ಸದ್ದು.
ನಲವತ್ತು ದಾಟುವ ರಸ್ತೆ ನನಗೆಲ್ಲಿದೆ, ಬಿಟ್ಟೆವು.
ದೀಪದ ವಿಷಯ ಇಬ್ಬರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಜಡೆಮಾದಮ್ಮ ಬಂದಳು, ಮುಂದಿನ ಸೀಟು ಅವಳದು.
ಕೋಲು ಒಳಗಿಟ್ಟು, ಕಂಬಿ ಹಿಡಿದು, ಎಡಗಾಲು ಎತ್ತಿ,
ಕಾಲು ಗಾಳಿಯಲ್ಲೇ ನಿಂತಿತು.
ಇಳಿಸಿದಳು. ಇನ್ನೊಮ್ಮೆ ಎತ್ತಿದಳು.
ವರ್ಷದ ಮೇಲೆ ಕಂಡ ಮೊಮ್ಮಗನನ್ನು ನೋಡುವಂತೆ
ಜೀಪನ್ನು ಬುಡದಿಂದ ತಲೆಯವರೆಗೆ ನೋಡಿ
‘ಇದ್ಯಾವಾಗ್ಲ ಬೆಳದ್ಬುಡ್ತು’ ಅಂದಳು.
ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸಿದೆ.
‘ನಾ ಏನ್ ಮೂಟಯಾ?’
ಆಮೇಲೆ ಊರಿನವರೆಗೂ ಮಾತಿಲ್ಲ.

ಸುಂಕದವನು ಬಂದ. ಎಲ್ಲರೂ ಹಲ್ಲು ಕಚ್ಚಿ
ಸೊಂಟ ಬಿಗಿದು ಕೂತರು, ಹಳೆಯ ಅಭ್ಯಾಸ.
ಏನೂ ಆಗಲಿಲ್ಲ.
ಕಲ್ಲು ಹಿಂದೆ ಉಳಿಯಿತು.
ಹಿಂದಿನ ಸೀಟಿನ ಪುಟ್ಟಬೋರ
ಬಾರದ ಸೀನಿಗೆ ಮುಖ ಒಡ್ಡಿದವನ ಹಾಗೆ
ಸುಮಾರು ಹೊತ್ತು ಕೂತಿದ್ದ.

ಬರುವಾಗ ಕತ್ತಲು. ಹಿಂದೆ ಭಾರ, ಮುಂದೆ ಮೂಗೆತ್ತು.
ದೀಪ ಹಾಕಿದರೆ ದಾರಿ ಇಲ್ಲ, ಬರೀ ಕೊಂಬೆ.
ಮತ್ತಿಮರದ ನೆತ್ತಿಯಲ್ಲಿ ಸಾಲಾಗಿ ಏಳು ಹೆಜ್ಜೇನು,
ಹನ್ನೊಂದು ವರ್ಷದಿಂದ ನಾನು ಅದರ ಕೆಳಗೇ ಓಡಾಡಿದವನು.
ಕಣ್ಣು ಹೊಳೆಸಿದ ಒಂದು ಮುಸುವ
ಮುಖ ಆ ಕಡೆ ತಿರುಗಿಸಿಕೊಂಡಿತು.
ಒಬ್ಬ ಇಳಿದು ಟಾರ್ಚು ಹಿಡಿದು ಮುಂದೆ ನಡೆದ,
ಅವನ ಹಿಮ್ಮಡಿ ನೋಡಿಕೊಂಡು ಊರು ಸೇರಿದೆ.

ಮತ್ತೆ ಶೆಡ್ಡು. ದೀಪ ಬಗ್ಗಿಸಿದೆವು.
ಮೂಲೆಯ ಮುರುಕು ಪ್ಲೇಟು ತೋರಿಸಿ
ಎಡಕ್ಕೊಂದು ಮೆಟ್ಟಿಲು ಬೆಸೆದುಕೊಡು ಅಂದೆ.
‘ಈ ಉಕ್ಕು ಬೆಸುಗ ಒಪ್ಪಲ್ಲ, ಒಡದೋಯ್ತದ’ ಎಂದು
ನಡುತೂತಿಗೇ ಬೋಲ್ಟು ಕೊಟ್ಟು, ಎರಡು ಪಟ್ಟಿ ಇಳಿಬಿಟ್ಟು ಬಿಗಿದ.
ದುಡ್ಡು ತೆಗೆದುಕೊಳ್ಳಲಿಲ್ಲ. ಟೀ ಕುಡಿಸಿದೆ.

ಜಡೆಮಾದಮ್ಮ ಕೋಲಿನಿಂದ ಮೊದಲು ಅದನ್ನು ತಟ್ಟಿ ನೋಡಿದಳು.
ಆಮೇಲೆ ಎಡಗಾಲು. ಉಕ್ಕು ಒಂದು ಕೂದಲಷ್ಟು ಬಳುಕಿ
ಅವಳನ್ನು ಮೇಲಕ್ಕೆ ಕೊಟ್ಟಿತು.
ಸೀಟಿನಲ್ಲಿ ಸೆರಗು ಸರಿಮಾಡಿಕೊಂಡು
‘ಬುಡು ಈಗ’ ಅಂದಳು.

ಬಿಟ್ಟೆ. ಏರಿನಲ್ಲಿ, ಜಂಬ ಇರಬೇಕು,
ಕಲ್ಲನ್ನು ನಡುವೆ ತೆಗೆದುಕೊಳ್ಳದೆ ಎಡಕ್ಕೆ ಸವರಿಕೊಂಡು ಹೋದೆ.
ಠಣ್!
ಮೆಟ್ಟಿಲ ತುದಿ.
ಹಿಂದಿನಿಂದ ಪುಟ್ಟಬೋರ,
‘ಹಾ, ಕಟ್ದ ಕನ.’